ಏನೂ ಅಂಟದ ಮನೆ

"ಅತ್ತೆ, ಆ ಬಕೆಟ್ಟನ್ನ ಅಲ್ಲೇ ಇಡಿ! ಇನ್ನೊಂದು ಹೆಜ್ಜೆ ಮುಂದಿಡಬೇಡಿ!"

ಪಾಂಡೆಲಿಸ್ ಏಣಿಯ ಮೇಲಿಂದಲೇ ಕೂಗಿದ. ಕೂಗಿದ್ದು ತಡವಾಯಿತು. ಎಂಬತ್ತನಾಲ್ಕು ವರ್ಷದ ಜಾಫೀರೋ ಅಜ್ಜಿ ಕಪ್ಪು ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಗಿನಿಂದ ಕೆಲಸ ನಡೆಸಿದ್ದಳು. ಪೈನ್ ಮರದ ಬುಡಕ್ಕೆ ಸೊಂಟದೆತ್ತರದವರೆಗೆ ಸುಣ್ಣ ಬಿದ್ದಿತ್ತು. ಅಂಗಳದ ಗಡಿಗೆಂದು ಜೋಡಿಸಿದ ಕಲ್ಲುಗಳಿಗೆ, ನಲ್ಲಿಯ ಕಂಬಕ್ಕೆ, ಮೆಟ್ಟಿಲಿಗೆ, ಗ್ಯಾಸ್ ಸಿಲಿಂಡರಿಗೆ ಕೂಡ ಬಿದ್ದಿತ್ತು. ಪಕ್ಕದ ಜಾಗದ ಮಿಲ್ತೋಸನ ಸೈಕಲ್ಲು ದಾರಿಗೆ ಅಡ್ಡವಾಗಿತ್ತೆಂದು ಅದರ ಹಿಂದಿನ ಚಕ್ರವನ್ನೂ ಅವಳು ಬಿಟ್ಟಿರಲಿಲ್ಲ. ಈಗ ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿ, ಸುಣ್ಣ ತೊಟ್ಟಿಕ್ಕಿಸುತ್ತ, ಕ್ಯಾರವಾನಿನ ಗೋಡೆಯೆದುರು ನಿಂತಿದ್ದಳು.

"ಭಾನುವಾರ ಈಸ್ಟರ್ರು. ಸುಣ್ಣ ಕಾಣದ ಮನೇಲಿ ನಾನು ಹುಟ್ಟಿದಾಗಿಂದ ಈಸ್ಟರ್ ಮಾಡಿಲ್ಲ."

"ಇದು ಮನೆ ಅಲ್ಲ ಅತ್ತೆ, ಕ್ಯಾರವಾನು!"

"ಒಳಗೆ ಒಲೆ ಇದೆಯಾ?"

"ಇದೆ."

"ಹಾಸಿಗೆ?"

"ಇದೆ, ಆದ್ರೆ..."

"ಮತ್ತೆ ಮನೆ ಅಲ್ದೆ ಇನ್ನೇನು? ಕೆಳಗೆ ಚಕ್ರ ಇದ್ರೆ ಏನಂತೆ? ನನ್ನ ಮಗಳ ಕಾಲೂ ಒಂದು ಕಡೆ ನಿಲ್ಲಲ್ಲ, ಅವಳನ್ನ ಹೆಂಗಸಲ್ಲ ಅಂತೀಯಾ?"

ಹೀಗೆಂದು ಅಜ್ಜಿ ಬ್ರಷ್ಷನ್ನು ಗೋಡೆಗೆ ಎಳೆದಳು. ಪಾಂಡೆಲಿಸ್ ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದಾಗ ಗೋಡೆಯ ಮೇಲೆ ಸುಣ್ಣವಿರಲಿಲ್ಲ. ಅದು ದಪ್ಪ ದಪ್ಪ ಹನಿಗಳಾಗಿ ಒಡೆದು, ಒಂದರ ಹಿಂದೊಂದು ಉರುಳಿ, ಅಜ್ಜಿಯ ಚಪ್ಪಲಿಯ ಮೇಲೆ ಬಿದ್ದಿತ್ತು. ಅವಳು ಮತ್ತೆ ಬಳಿದಳು. ಮತ್ತೆ ಉರುಳಿತು. ಮೂರನೆಯ ಸಲ ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಬ್ರಷ್ ಹಿಡಿದು ಒತ್ತಿ ಬಳಿದಳು. ಸುಣ್ಣ ಅಷ್ಟೂ ನೆಲ ಸೇರಿತು, ಗೋಡೆ ಮೊದಲಿದ್ದ ಹಾಗೇ ಹೊಳೆಯಿತು.

ಪಾಂಡೆಲಿಸ್ ಏಣಿಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. "ನೋಡಿದ್ರಾ? ಏನೂ ಅಂಟಲ್ಲ! ದೇವರಾಣೆ, ಏನೂ ಅಂಟಲ್ಲ!"

"ಸುಣ್ಣ ಹಿಡಿಯದ ಗೋಡೆ ಎಂಥಾ ಗೋಡೆ?" ಅಜ್ಜಿ ಚಪ್ಪಲಿ ಕೊಡವಿದಳು. "ಅಳಿಯಂದಿರು ನಗಲಿ, ನಗಲಿ."

ಅವಳು ಅಳಿಯನನ್ನು ಬಹುವಚನದಲ್ಲಿ ಕರೆದಳೆಂದರೆ ಸಿಟ್ಟು ಬಂದಿದೆಯೆಂದೇ ಲೆಕ್ಕ. ಆದರೆ ಪಾಂಡೆಲಿಸ್ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಒಂಬತ್ತು ತಿಂಗಳ ನಂತರ ಮೊದಲ ಬಾರಿಗೆ ಅವನಿಗೆ ಗೆದ್ದೆನೆಂಬ ಸಂತೋಷವಾಗಿತ್ತು.

ಈ ಒಂಬತ್ತು ತಿಂಗಳ ಕಥೆ ಶುರುವಾದದ್ದು ಹೋದ ಆಗಸ್ಟಿನಲ್ಲಿ. ಸಿಥೋನಿಯಾದ ತೀರದ ಈ ಕ್ಯಾಂಪಿನಲ್ಲಿ, ಪೈನ್ ಮರಗಳ ಕೆಳಗೆ, ಅವರ ಕ್ಯಾರವಾನು ಇಪ್ಪತ್ತೆರಡು ವರ್ಷದಿಂದ ನಿಂತಿದೆ. ಅದನ್ನು ಕಾರಿನ ಹಿಂದೆ ಕಟ್ಟಿ ಇಲ್ಲಿಗೆ ಎಳೆದು ತಂದವನು ಪಾಂಡೆಲಿಸನ ಮಾವ ಅನೇಸ್ತಿಸ್. ತಂದ ದಿನದಿಂದ ಅದು ಒಂದು ಗೇಣೂ ಕದಲಿಲ್ಲ. ಮಾವ ಹೋಗಿ ಐದು ವರ್ಷವಾಯಿತು. ಅವನ ನಂತರ ಅದರ ಯಜಮಾನಿಕೆ ಪಾಂಡೆಲಿಸನ ಪಾಲಿಗೆ ಬಂತು, ಅದರ ಜೊತೆಗೆ ಸೆಕೆಯೂ ಬಂತು. ಆಗಸ್ಟಿನ ಮಧ್ಯಾಹ್ನ ಆ ತಗಡಿನ ಡಬ್ಬಿಯೊಳಗೆ ಬ್ರೆಡ್ಡು ಬೇಯಿಸಬಹುದಿತ್ತು. ಹೋದ ವರ್ಷ ಜಾಫೀರೋ ಅಜ್ಜಿ ಊಟವಾದ ಮೇಲೆ ಒಳಗೆ ಮಲಗಿದವಳು ಎಚ್ಚರ ತಪ್ಪಿದಳು. ನೀರು ಚಿಮುಕಿಸಿ ಎಬ್ಬಿಸಿದಾಗ ಅವಳು ಹೇಳಿದ ಮೊದಲ ಮಾತು ಇದು:

"ಅನೇಸ್ತಿಸ್ ಬಂದಿದ್ರು. 'ಜಾಫೀರೋ, ಇಲ್ಲಿಗಿಂತ ನಾನಿರೋ ಕಡೆನೇ ತಂಪು, ಬಂದುಬಿಡು' ಅಂದ್ರು."

ಪಾಂಡೆಲಿಸನ ಹೆಂಡತಿ ಎವಾಂಥಿಯಾ ನಗಲಿಲ್ಲ. "ಅಮ್ಮ ಮಲಗಲಾರದ ಕಡೆ ನಾನೂ ಮಲಗಲ್ಲ," ಎಂದಳು. "ಮುಂದಿನ ವರ್ಷ ಇದು ತಂಪಾಗದಿದ್ರೆ ಮಾರಿಬಿಡು. ಬೇಸಿಗೆಗೆಲ್ಲ ಕತೆರೀನಿಗೆ, ಅಕ್ಕನ ಮನೆಗೆ ಹೋಗೋಣ."

ಅಕ್ಕನ ಮನೆಯೆಂದರೆ ಅಕ್ಕನ ಗಂಡ. ಅಕ್ಕನ ಗಂಡನೆಂದರೆ ಅವನ ಮೂತ್ರಕೋಶದಲ್ಲಿದ್ದ ಮೂರು ಕಲ್ಲುಗಳು, ಅವು ಎಲ್ಲೆಲ್ಲಿ ಸಿಕ್ಕಿಕೊಂಡವು, ಯಾವ ಡಾಕ್ಟರು ಏನೆಂದರು, ಹೊರಬಂದಾಗ ಎಷ್ಟು ಗಾತ್ರವಿದ್ದವು. ಕಲ್ಲುಗಳನ್ನು ಅವನು ಔಷಧಿ ಶೀಶೆಯಲ್ಲಿ ಇಟ್ಟಿದ್ದ, ತೋರಿಸುತ್ತಲೂ ಇದ್ದ. ಈ ಕಡಲು, ಬೆಳಗಿನ ಈಜು, ಸಂಜೆ ಮಿಲ್ತೋಸನ ಜೊತೆ ಪಗಡೆ, ಇವನ್ನೆಲ್ಲ ಬಿಟ್ಟು ಆ ಶೀಶೆಯೆದುರು ಮೂರು ತಿಂಗಳು ಕೂರುವುದನ್ನು ನೆನೆದರೇ ಪಾಂಡೆಲಿಸನಿಗೆ ಎದೆ ಒಡೆಯುತ್ತಿತ್ತು.

ಅವಮಾನ ಬೇರೆ. ಅವನು ಮೂವತ್ತೊಂದು ವರ್ಷ ಥೆಸಲೊನೀಕಿಯ ಮೀನು ಮಾರುಕಟ್ಟೆಯಲ್ಲಿ ಫ್ರಿಜ್ಜು, ಐಸ್ ಕೋಣೆಗಳನ್ನು ರಿಪೇರಿ ಮಾಡಿದವನು. "ಊರಿನ ಸತ್ತ ಮೀನನ್ನೆಲ್ಲ ತಂಪಾಗಿಟ್ಟ, ಬದುಕಿರೋ ಅತ್ತೆನ ತಂಪಾಗಿಡೋಕಾಗಲಿಲ್ಲ," ಎಂದು ಮಿಲ್ತೋಸ್ ಕ್ಯಾಂಪಿನ ತುಂಬ ಹೇಳಿಕೊಂಡು ಬಂದ. ಪಾಂಡೆಲಿಸ್ ಎಲ್ಲಿಂದಲೋ ಹಳೆಯ ಏಸಿಯೊಂದನ್ನು ತಂದು ಕೂರಿಸಿದ. ಅದನ್ನು ಚಾಲೂ ಮಾಡಿದ ಗಳಿಗೆಗೇ ಇಡೀ ಸಾಲಿನ ಕರೆಂಟು ಹೋಯಿತು. ಫುಟ್ಬಾಲ್ ಪಂದ್ಯದ ಪೆನಾಲ್ಟಿಯ ಹೊತ್ತು. ಹದಿನಾಲ್ಕು ಕ್ಯಾರವಾನುಗಳಿಂದ ಹದಿನಾಲ್ಕು ಗಂಡಸರು ಹೊರಬಂದು ಅವನ ಹೆಸರು ಹಿಡಿದು ಕೂಗಿದರು. ಮರುದಿನವೇ ಕ್ಯಾಂಪಿನ ಆಫೀಸಿನವರು ಏಸಿ ಕೂಡದೆಂದು ಬೋರ್ಡು ಹಾಕಿದರು.

ಆಮೇಲೆ ಉಳಿದದ್ದು ಲೇಪ. ಚಳಿಗಾಲವಿಡೀ ಅವನು ಅದರ ಬಗ್ಗೆಯೇ ಓದಿದ, ಕೇಳಿದ, ಕನಸು ಕಂಡ. ಛಾವಣಿಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ದಪ್ಪನೆಯ ಬಿಳಿ ಬಣ್ಣ, ಮೂರು ಕೋಟು. ಗೋಡೆಗಳಿಗೆ ಜರ್ಮನಿಯ ಗಾಜಿನಂಥ ತೆಳು ಬಿಳಿ ದ್ರವ. ಅದರ ಮೇಲೆ ಧೂಳು, ಪೈನ್ ಅಂಟು, ಉಪ್ಪುಗಾಳಿ, ಹಕ್ಕಿಯ ಹಿಕ್ಕೆ ಯಾವುದೂ ನಿಲ್ಲದು. ಗೋಡೆ ಶುಭ್ರವಾಗಿದ್ದಷ್ಟೂ ಬಿಸಿಲು ಹಿಂದಕ್ಕೆ ಹೋಗುತ್ತದೆ. ಅದರ ಜೊತೆಗಿದ್ದ ಕಾಗದ ಜರ್ಮನ್ ಭಾಷೆಯಲ್ಲಿತ್ತು. ಮಿಲ್ತೋಸ್ ಹರೆಯದಲ್ಲಿ ಒಂಬತ್ತು ವರ್ಷ ಸ್ಟುಟ್‌ಗಾರ್ಟಿನಲ್ಲಿ ಕ್ಷೌರದಂಗಡಿ ನಡೆಸಿದ್ದರಿಂದ ಅವನೇ ಓದಿ ಹೇಳಿದ.

"'ಹಚ್ಚಿದ ಮೇಲೆ ಏಳು ದಿನ ಯಾರೂ ಮುಟ್ಟಬಾರದು. ಎಲ್ಲೂ ಗೀರಬಾರದು, ಗೀರಿದ ಕಡೆಯಿಂದ ಸಿಪ್ಪೆ ಏಳುತ್ತೆ. ಮನೆ ಯಜಮಾನ ಪ್ರತಿ ಸಂಜೆ ಪಕ್ಕದ ಮನೆಯವನಿಗೆ ಒಂದು ಗ್ಲಾಸು ಊಝೋ ಸಾರಾಯಿ ಕೊಡತಕ್ಕದ್ದು.'"

"ಎಲ್ಲಿದೆ ಅದು?"

"ಇಲ್ಲೇ. ಸಣ್ಣಕ್ಷರದಲ್ಲಿ."

ಏಪ್ರಿಲಿನಲ್ಲಿ ಪಾಂಡೆಲಿಸ್ ಒಬ್ಬನೇ ಮುಂಚಿತವಾಗಿ ಬಂದು ತೊಳೆದ, ಉಜ್ಜಿದ, ಪಾಲಿಶ್ ಮಾಡಿದ. ಬಾಗಿಲ ಮೇಲೆ ಅಂಗೈಯಗಲದ ಮಸಿಯ ಕಲೆಯೊಂದು ಇತ್ತು. ಪ್ರತಿ ಈಸ್ಟರಿಗೆ ಚರ್ಚಿನಿಂದ ತಂದ ಜ್ಯೋತಿಯ ಹೊಗೆಯಿಂದ ಅಲ್ಲೊಂದು ಶಿಲುಬೆ ಬರೆಯುತ್ತಾರೆ, ವರ್ಷವಿಡೀ ಮನೆ ಕಾಯಲಿ ಎಂದು. ವರ್ಷದ ಮೇಲೆ ವರ್ಷ ಬಿದ್ದು ಅದು ಗಟ್ಟಿಯಾಗಿತ್ತು. ಸೋಪಿಗೆ ಬಗ್ಗಲಿಲ್ಲ. ಥಿನ್ನರಿನಲ್ಲಿ ಮೂರು ಬಟ್ಟೆ ಹಾಳಾದ ಮೇಲೆ ಮಸಿ ಹೋಯಿತು, ಆದರೆ ಅದರ ನೆರಳು ಉಳಿಯಿತು. ಆ ನೆರಳೂ ಕಾಣಬಾರದೆಂದು ಅವನು ಅಲ್ಲಿಗೆ ಮಾತ್ರ ಛಾವಣಿಯ ಬಿಳಿ ಬಣ್ಣವನ್ನು ಎರಡು ಕೋಟು ಹೊಡೆದು, ಅದರ ಮೇಲೆ ಜರ್ಮನ್ ದ್ರವ ಹಚ್ಚಿದ. ಹೇಗೂ ಈ ವರ್ಷ ಹೊಸ ಶಿಲುಬೆ ಬರುತ್ತದಲ್ಲ ಎಂದುಕೊಂಡ. ಆಮೇಲೆ ಕ್ಯಾರವಾನಿನ ಸುತ್ತ ಹಗ್ಗ ಕಟ್ಟಿ, ಕುರ್ಚಿ ಹಾಕಿಕೊಂಡು, ಪೊರಕೆ ಹಿಡಿದು, ಏಳು ದಿನ ಪಾರಿವಾಳಗಳ ಜೊತೆ ಯುದ್ಧ ಮಾಡಿದ.

ಯುದ್ಧದ ಫಲ ಆ ಹಬ್ಬದ ವಾರದಲ್ಲಿ ಕಣ್ಣಿಗೆ ಬಿತ್ತು. ಗುರುವಾರ ಅಜ್ಜಿ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕುತ್ತಿದ್ದವಳು ಎಡವಿ, ಗೋಡೆಗೆ ಕೈಯೂರಿದಳು. ಬಿಳಿ ಗೋಡೆಯ ಮೇಲೆ ರಕ್ತದಂಥ ಐದು ಬೆರಳು ಮೂಡಿದವು. ಎವಾಂಥಿಯಾ ಕಿರುಚಿದಳು. ಪಾಂಡೆಲಿಸ್ ಮಾತ್ರ ಜೇಬಿನಿಂದ ಕರವಸ್ತ್ರ ತೆಗೆದು, ಆತುರವಿಲ್ಲದೆ, ಒಂದೇ ಸಲ ಒರೆಸಿದ. ಬೆರಳುಗಳು ಮಾಯವಾದವು.

"ನಾನು ಇಲ್ಲಿ ಕೈ ಇಟ್ಟಿದ್ದೇ ಸುಳ್ಳು ಅನ್ನೋ ಹಾಗಿದೆ," ಎಂದಳು ಅಜ್ಜಿ, ಗೋಡೆಯನ್ನೇ ನೋಡುತ್ತ.

"ಅದೇ ಅಲ್ವಾ ಅತ್ತೆ ಇದರ ಮಜಾ!"

ಶುಕ್ರವಾರ ದಕ್ಷಿಣದ ಗಾಳಿ ಆಫ್ರಿಕಾದ ಕೆಂಧೂಳನ್ನು ಹೊತ್ತು ತಂದಿತು. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದು ಕ್ಯಾಂಪಿಗೆ ಕ್ಯಾಂಪೇ ಕೆಸರಾಯಿತು. ಮಿಲ್ತೋಸನ ಕ್ಯಾರವಾನು ಕೋಕೋ ಬಣ್ಣಕ್ಕೆ ತಿರುಗಿತು. ಪಾಂಡೆಲಿಸ್ ಒಂದು ಬಕೆಟ್ ನೀರು ಎರಚಿದ. ಕೆಸರೆಲ್ಲ ಸಾಲಾಗಿ ಇಳಿದು ಹೋಯಿತು, ಬಟ್ಟೆಯನ್ನೂ ಮುಟ್ಟಬೇಕಾಗಲಿಲ್ಲ. ಹದಿನಾಲ್ಕು ಕ್ಯಾರವಾನುಗಳ ಹದಿನಾಲ್ಕು ಗಂಡಸರು ಮತ್ತೆ ಬಂದು ನಿಂತರು, ಈ ಸಲ ಬಾಯಿ ಬಿಟ್ಟುಕೊಂಡು.

"ಲೋ ಪಾಂಡೆಲಿ, ಇದರ ಮೇಲೆ ಕೂತ ನೊಣದ ಗತಿ ಏನೋ?" ಎಂದ ಮಿಲ್ತೋಸ್. "ಸೊಂಟ ಮುರ್ಕೊಳಲ್ವಾ ಪಾಪ?"

"ಹೊಟ್ಟೆಕಿಚ್ಚು ಪಡು. ಅದೂ ಇದಕ್ಕೆ ಅಂಟಲ್ಲ."

ಶುಭ ಶುಕ್ರವಾರದ ದಿನ ಜನ ಇಷ್ಟು ನಗಬಾರದೆಂದು ಎವಾಂಥಿಯಾ ಗದರಿದಳು. ಆದರೆ ಅವಳ ಮುಖವೂ ಅರಳಿತ್ತು. ಸೋಮವಾರ ಮಧ್ಯಾಹ್ನದೊಳಗೆ ಕ್ಯಾಂಪಿನ ಆಫೀಸಿಗೆ ಹೋಗಿ ಈ ವರ್ಷವೂ ಜಾಗ ಬೇಕೋ ಬೇಡವೋ ಎಂದು ಸಹಿ ಹಾಕಬೇಕಿತ್ತು. ಆ ಸಹಿ ಅವಳ ಕೈಯಲ್ಲಿತ್ತು, ಅವಳ ತೀರ್ಮಾನ ಅವಳಮ್ಮನ ಭಾನುವಾರದ ನಿದ್ದೆಯಲ್ಲಿತ್ತು. ಬಣ್ಣದ ವಾಸನೆ ಹೋಗಲೆಂದು ಅಜ್ಜಿ ಅಲ್ಲಿಯವರೆಗೆ ಗುಡ್ಡದ ಮೇಲಿನ ಹಳ್ಳಿಯಲ್ಲಿ ನಾದಿನಿಯ ಮನೆಯಲ್ಲಿ ಇಳಿದುಕೊಂಡಿದ್ದಳು.

ಆ ವರ್ಷ ಈಸ್ಟರ್ ಮೇ ತಿಂಗಳಿಗೆ ಬಿದ್ದಿತ್ತು. ಭಾನುವಾರ ಹನ್ನೊಂದಕ್ಕೇ ಬಿಸಿಲು ನೆತ್ತಿ ಸುಡತೊಡಗಿತು. ಹಳ್ಳಿಯಿಂದ ಅಜ್ಜಿಯನ್ನು ಕರೆತಂದ ಕಾರಿನ ಕಿಟಕಿಗಳೆಲ್ಲ ಮುಚ್ಚಿದ್ದವು, ಫ್ಯಾನೂ ಬಂದ್. ಹಿಂದಿನ ಸೀಟಿನಲ್ಲಿ ಅವಳ ಮಂಡಿಗಳ ನಡುವೆ ಗಾಜಿನ ಲಾಂದ್ರ, ಅದರೊಳಗೆ ಚರ್ಚಿನಿಂದ ತಂದ ಜ್ಯೋತಿ. ಇಳಿದಾಗ ಎವಾಂಥಿಯಾ ಬೆವರಿನಲ್ಲಿ ಮುಳುಗಿದ್ದಳು, ಜ್ಯೋತಿ ಮಾತ್ರ ಕೊಂಚವೂ ಅಲುಗಿರಲಿಲ್ಲ.

"ಕ್ರಿಸ್ತ ಎದ್ದ!"

"ನಿಜವಾಗಿ ಎದ್ದ!" ಎಂದು ಎಲ್ಲರೂ ಅಜ್ಜಿಯ ಹಬ್ಬದ ಶುಭಾಶಯಕ್ಕೆ ಮರುನುಡಿದರು.

ಮಿಲ್ತೋಸ್ ಬೆಳಗಿನಿಂದ ಕುರಿಯನ್ನು ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ತಿರುಗಿಸುತ್ತಿದ್ದ. ಹೊಗೆಯೆಲ್ಲ ಬೇಕೆಂದೇ ಮಾಡಿದಂತೆ ಬಿಳಿ ಕ್ಯಾರವಾನಿನ ಕಡೆಗೇ ಬರುತ್ತಿತ್ತು. ಪಾಂಡೆಲಿಸ್ ಅದಕ್ಕೂ ಅಂಜಲಿಲ್ಲ. ಅವನು ಎರಡು ಉಷ್ಣಮಾಪಕಗಳನ್ನು ತಂದಿದ್ದ, ಒಂದನ್ನು ಮಿಲ್ತೋಸನ ಕ್ಯಾರವಾನಿನಲ್ಲಿ, ಒಂದನ್ನು ತನ್ನದರಲ್ಲಿ ತೂಗುಹಾಕಿದ್ದ. ಎಲ್ಲರೆದುರಿಗೆ ಎರಡನ್ನೂ ತಂದು ತೋರಿಸಿದ. ಮಿಲ್ತೋಸನದು ಮೂವತ್ತಾರು. ತನ್ನದು ಇಪ್ಪತ್ತೇಳು.

"ಒಳಗೆ ಬನ್ನಿ ಅತ್ತೆ. ಐದು ನಿಮಿಷ ಮಲಗಿ ನೋಡಿ."

ಅಜ್ಜಿ ಒಳಗೆ ಹೋದಳು. ಹಾಸಿಗೆ ಕಿರುಗುಟ್ಟಿತು. ಹೊರಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು, ಮಿಲ್ತೋಸ್ ಕುರಿ ತಿರುಗಿಸುವುದನ್ನೂ ಮರೆತ. ಐದು ನಿಮಿಷ ಹದಿನೈದಾಯಿತು. ಕೊನೆಗೆ ಅವಳು ಬಾಗಿಲಲ್ಲಿ ಕಾಣಿಸಿಕೊಂಡಳು. ಮುಖದ ಮೇಲೆ ದಿಂಬಿನ ಗೆರೆ ಮೂಡಿತ್ತು.

"ತಂಪಿದೆ," ಎಂದಳು. "ಚರ್ಚಿನ ಒಳಗಿದ್ದ ಹಾಗಿದೆ. ಪಾಂಡೆಲಿ, ನೀನು ಗೆದ್ದೆ ಮಗಾ."

ಪಾಂಡೆಲಿಸ್ ಮಿಲ್ತೋಸನನ್ನು ತಬ್ಬಿಕೊಂಡ. ಎವಾಂಥಿಯಾ ಕೈಚೀಲದಿಂದ ಆಗಲೇ ಪೆನ್ನು ತೆಗೆದಿದ್ದಳು.

"ಇನ್ನು ಶಿಲುಬೆ ಬರೆದುಬಿಟ್ರೆ ಇವತ್ತಿಂದ ಇಲ್ಲೇ ನನ್ನ ಹಾಸಿಗೆ," ಎಂದು ಅಜ್ಜಿ ಲಾಂದ್ರದ ಬಾಗಿಲು ತೆರೆದಳು.

ಕುರ್ಚಿ ಬಂತು. ಎವಾಂಥಿಯಾ ಅಮ್ಮನ ಸೊಂಟ ಹಿಡಿದುಕೊಂಡಳು. ಅಜ್ಜಿ ಮೇಣದಬತ್ತಿ ಹಚ್ಚಿಕೊಂಡು, ಅದರ ಹೊಗೆಯನ್ನು ಬಾಗಿಲ ಮೇಲಿನ ಬಿಳುಪಿಗೆ ಹಿಡಿದಳು. ಒಂದು ಗೆರೆ ಕೆಳಗೆ, ಒಂದು ಗೆರೆ ಅಡ್ಡಕ್ಕೆ. ಕಪ್ಪು ಶಿಲುಬೆ ಚೆನ್ನಾಗಿಯೇ ಮೂಡಿತು. ಅವಳು ತುಟಿಗೆ ಬೆರಳು ಮುಟ್ಟಿಸಿ, ಆ ಬೆರಳನ್ನು ಶಿಲುಬೆಗೆ ತಾಗಿಸಿದಳು. ಮಸಿಯೆಲ್ಲ ಬೆರಳಿಗೇ ಬಂತು. ಅಡ್ಡಗೆರೆಯ ಅರ್ಧ ಮಾಯವಾಗಿತ್ತು.

ಅವಳು ಮತ್ತೆ ಬರೆದಳು, ಈ ಸಲ ಮುಟ್ಟಲಿಲ್ಲ. ಕಡಲಿನ ಗಾಳಿಗೆ ಮುಂಭಾಗದ ಬಟ್ಟೆಚಪ್ಪರ ಒಮ್ಮೆ ಪಟಪಟ ಬಡಿದು ಗೋಡೆಯನ್ನು ಸವರಿತು. ಮತ್ತೆ ಬರೀ ಬಿಳುಪು. ಮೂರನೆಯ ಸಲ ಪಾಂಡೆಲಿಸನೇ ಚಪ್ಪರವನ್ನು ಹಿಡಿದು ನಿಂತ. ಶಿಲುಬೆ ಮೂಡಿ ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಅದು ಪುಡಿಪುಡಿಯಾಗಿ ಉದುರಿ ಅಜ್ಜಿಯ ತಲೆವಸ್ತ್ರದ ಮೇಲೆ ಬಿತ್ತು.

ಯಾರೋ ನಗಲು ಹೋಗಿ ಕೆಮ್ಮಿದರು. ಅಜ್ಜಿ ಕುರ್ಚಿಯ ಮೇಲೆ ನಿಂತೇ ಗೋಡೆಯನ್ನು ಕೈಯಿಂದ ತಡವಿದಳು.

"ಇಲ್ಲಿ ಮುಂಚೆ ಒಂದಿತ್ತಲ್ಲ, ಅದೆಲ್ಲಿ?"

"ತೊಳೆದೆ ಅತ್ತೆ. ಸೋಪಿಗೆ ಹೋಗಲಿಲ್ಲ, ಥಿನ್ನರ್ ಹಾಕಿ ತೆಗೆದೆ. ಮೂರು ಬಟ್ಟೆ ಹಾಳಾಯ್ತು ಗೊತ್ತಾ!" ಹೇಳುತ್ತ ಹೇಳುತ್ತಲೇ ಪಾಂಡೆಲಿಸನಿಗೆ ಹೆಂಡತಿಯ ಮುಖ ಕಂಡಿತು, ಅವನ ದನಿ ಇಳಿಯಿತು.

"ಅಳಿಯಂದಿರು ಚೆನ್ನಾಗಿ ತೊಳೆದಿದ್ದಾರೆ," ಎಂದಳು ಅಜ್ಜಿ. ನಿಧಾನವಾಗಿ ಕುರ್ಚಿಯಿಂದ ಇಳಿದು, ಲಾಂದ್ರ ತೆಗೆದುಕೊಂಡು, ಕಾರಿನಲ್ಲಿ ಹೋಗಿ ಕುಳಿತಳು. ಕುರಿಯನ್ನೂ ಮುಟ್ಟಲಿಲ್ಲ, ಕೆಂಪು ಮೊಟ್ಟೆಯನ್ನೂ ಒಡೆಯಲಿಲ್ಲ.

ಎವಾಂಥಿಯಾ ಗಂಡನನ್ನು ಮರದ ಹಿಂದಕ್ಕೆ ಕರೆದೊಯ್ದಳು. ಅವಳು ಬೈಯಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಭಯವಾಯಿತು.

"ಆ ಶಿಲುಬೆ ಅಪ್ಪ ಬರೆದದ್ದು, ಪಾಂಡೆಲಿ. ಇದನ್ನ ತಂದ ಮೊದಲನೇ ವರ್ಷ. ಮಡಚೋ ಕುರ್ಚಿ ಮೇಲೆ ನಿಂತು ಬರೀತಿದ್ರು, ಅರ್ಧದಲ್ಲಿ ಕುರ್ಚಿ ಮಡಚ್ಕೊಂಡು ಬಿತ್ತು. ನೀನೂ ಇದ್ಯಲ್ಲ, ಅಷ್ಟು ನಕ್ಕೆಯಲ್ಲ!"

ಪಾಂಡೆಲಿಸನಿಗೆ ನೆನಪಾಯಿತು. ಮೇಣದಬತ್ತಿ ಹಿಡಿದೇ ಬಿದ್ದ ಮಾವ, ಬೀಳುವಾಗ ಕೈಯೊಡನೆ ಜಾರಿ ಕೆಳಗಿಳಿದ ಶಿಲುಬೆಯ ಬಲತೋಳು. ಸರಿಮಾಡಿ ಎಂದು ಎಲ್ಲರೂ ಹೇಳಿದರೂ ಅವನು ಕೇಳಿರಲಿಲ್ಲ. "ಕ್ರಿಸ್ತನಿಗೂ ಅಲ್ಲಿ ತೋಳು ಸೋತಿರುತ್ತೆ ಬಿಡಿ," ಎಂದಿದ್ದ. ಪ್ರತಿ ವರ್ಷ ಅದೇ ಸೊಟ್ಟ ಗೆರೆಯ ಮೇಲೆ ಹೊಗೆ ಹಿಡಿಯುತ್ತಿದ್ದ.

"ಅಪ್ಪ ಹೋದ ಮೇಲೆ ಅಮ್ಮ ಹೊಸದು ಬರೀಲೇ ಇಲ್ಲ," ಎಂದಳು ಎವಾಂಥಿಯಾ. "ಅವರ ಗೆರೆ ಮೇಲೇ ತಿದ್ದುತಾ ಬಂದಳು. ಅದೊಂದೇ ಅವರ ಕೈಬರಹ ಅವಳ ಹತ್ರ ಇದ್ದದ್ದು. ಅಪ್ಪಂಗೆ ಬರೆಯೋಕೆ ಬರ್ತಿರಲಿಲ್ಲ, ನಿನಗೆ ಗೊತ್ತಲ್ಲ."

ನಾಚಿಕೆಯಿಂದ ಪಾಂಡೆಲಿಸನ ಕಿವಿ ಬಿಸಿಯಾಯಿತು. ಕತೆರೀನಿಯೂ ಬೇಡ, ಕಡಲೂ ಬೇಡ, ಆ ಮುದುಕಿಯ ಎದುರು ಮತ್ತೊಮ್ಮೆ ತಲೆಯೆತ್ತಿ ನಿಲ್ಲಲು ಆದರೆ ಸಾಕೆನಿಸಿತು.

ಕಾರು ಹಳ್ಳಿಗೆ ಹೋಯಿತು. ಮಿಲ್ತೋಸ್ ಒಳ್ಳೆಯವನೇ, ಸುಮ್ಮನಿರಲು ಮಾತ್ರ ಬಾರದು. ಮೊದಲು ದಪ್ಪ ಮಾರ್ಕರ್ ತಂದು ಒಂದು ಶಿಲುಬೆ ಬರೆದ. ಶಾಯಿ ಸಣ್ಣ ಸಣ್ಣ ಹನಿಯಾಗಿ ಒಡೆದು ಸಿಡುಬಿನ ಕಲೆಯಂತಾಯಿತು. ಆಮೇಲೆ ಪೆಟ್ರೋಲ್ ಬಂಕಿನಲ್ಲಿ ಕೊಂಡ ಬಂಗಾರದ ಬಣ್ಣದ ಸ್ಟಿಕ್ಕರ್ ಶಿಲುಬೆ ತಂದು ಅಂಟಿಸಿದ. ಅವರಿಬ್ಬರೂ ಕೈಕಟ್ಟಿ ನೋಡುತ್ತಿದ್ದಂತೆಯೇ ಅದು ಕೆಳಗೆ ಸರಿಯತೊಡಗಿತು. ಆತುರವಿಲ್ಲದೆ ಬಾಗಿಲ ಚೌಕಟ್ಟಿನವರೆಗೆ ಇಳಿದು, ಅಲ್ಲಿ ಒಂದು ಗಳಿಗೆ ನಿಂತು, ಸುಣ್ಣ ಬಳಿದ ಮೆಟ್ಟಿಲ ಮೇಲೆ ಬಿತ್ತು.

"ಜರ್ಮನರು ಮಾಡಿದ್ದು ಅಂದ್ರೆ ಅಷ್ಟೇ," ಎಂದ ಮಿಲ್ತೋಸ್ ಟೋಪಿ ತೆಗೆದು. "ಹೇಳಿದ ಮಾತಿಗೆ ತಪ್ಪಲ್ಲ."

ಸೋಮವಾರ ಬೆಳಗ್ಗೆ ಆರಕ್ಕೆ ಪಾಂಡೆಲಿಸ್ ಕುರ್ಚಿ ಹಾಕಿಕೊಂಡು ಬಾಗಿಲೆದುರು ನಿಂತಿದ್ದ. ಕೈಯಲ್ಲಿ ಎಮರಿ ಕಾಗದ, ಪಕ್ಕದಲ್ಲಿ ನೀರಿನ ಬಟ್ಟಲು. ಎಲ್ಲೂ ಗೀರಬಾರದು, ಗೀರಿದ ಕಡೆಯಿಂದ ಸಿಪ್ಪೆ ಏಳುತ್ತದೆ. ಒಂದು ಚಳಿಗಾಲದ ಕನಸು, ಏಳು ದಿನದ ಕಾವಲು. ಅವನು ಕಾಗದವನ್ನು ನೀರಿನಲ್ಲಿ ಅದ್ದಿ, ಉಸಿರು ಬಿಟ್ಟು, ಮೊದಲ ಗೀರು ಎಳೆದ. ಆ ಸದ್ದಿಗೆ ಅವನದೇ ಹಲ್ಲು ಜುಮ್ಮೆಂದಿತು.

ಮಸಿ ಹಿಡಿಯಲು ಅಂಗೈಯಗಲದ ಒರಟು ಜಾಗ ಸಾಕೆಂದು ಅವನು ಹೊರಟಿದ್ದ. ಗಾಜಿನಂಥ ಪದರ ಮೊದಲು ಮಂಕಾಯಿತು, ಆಮೇಲೆ ಎದ್ದಿತು. ಕೆಳಗಿನ ಬಿಳಿ ಬಣ್ಣ ಹಾಲಿನಂತೆ ನೀರಿಗಿಳಿಯಿತು. ಅದರ ಕೆಳಗೆ ಕ್ಯಾರವಾನಿನ ಹಳೆಯ ಬಣ್ಣ, ಇಪ್ಪತ್ತೆರಡು ವರ್ಷದ ಬಿಸಿಲಿಗೆ ಬೂದಿಯಂತೆ ಸುಣ್ಣಗಟ್ಟಿದ್ದು, ಕಾಣತೊಡಗಿತು. ಆ ಬೂದಿಯ ನಡುವೆ ಒಂದು ಕಡೆ ಮಾತ್ರ ಬಣ್ಣ ಬೇರೆಯಿತ್ತು. ಬೆಣ್ಣೆಯ ಬಣ್ಣ. ಹೊಸದಾಗಿ ಬಂದಾಗ ಕ್ಯಾರವಾನಿಗೆ ಇದ್ದ ಬಣ್ಣ.

ಪಾಂಡೆಲಿಸನ ಕೈ ತಾನಾಗಿ ನಿಂತಿತು. ಅವನು ಎಮರಿ ಕಾಗದ ಬಿಸಾಡಿ, ಅಂಗಿಯ ತೋಳನ್ನು ಒದ್ದೆ ಮಾಡಿಕೊಂಡು, ಹೆಬ್ಬೆರಳಿಂದ ಉಜ್ಜತೊಡಗಿದ. ಒಂದು ಉಜ್ಜು ಹೆಚ್ಚಾದರೆ ಅದೂ ಹೋಗುತ್ತದೆ. ನಿಂತ ಗೆರೆ ಕಂಡಿತು. ಎಡತೋಳು ಕಂಡಿತು. ಬಲತೋಳು ಅರ್ಧ ದಾರಿ ನೇರವಾಗಿ ಹೋಗಿ, ಅಲ್ಲಿಂದ ಇದ್ದಕ್ಕಿದ್ದ ಹಾಗೆ ಜಾರಿ, ಮಡಚಿಕೊಂಡ ಕುರ್ಚಿಯ ದಾರಿ ಹಿಡಿದು ಕೆಳಗಿಳಿದಿತ್ತು. ಇಪ್ಪತ್ತೆರಡು ವರ್ಷ ಮಸಿ ಕೂತಿದ್ದ ಜಾಗವನ್ನು ಬಿಸಿಲು ಒಂದು ದಿನವೂ ಮುಟ್ಟಿರಲಿಲ್ಲ.

"ಮಿಲ್ತೋ!" ಎಂದು ಅವನು ಕೂಗಿದ ಕೂಗಿಗೆ ಸಾಲಿಗೆ ಸಾಲೇ ಎದ್ದಿತು. "ಕಾರಿನ ಕೀ ತಗೊಂಡು ಬಾ! ಅತ್ತೆನ ಕರ್ಕೊಂಡು ಬಾ! ನಾನು ಇಲ್ಲಿಂದ ಅಲ್ಲಾಡಲ್ಲ!"

ಮಿಲ್ತೋಸ್ ಚಡ್ಡಿಯಲ್ಲೇ ಕಾರು ಹತ್ತಿದ.

ಅಜ್ಜಿ ಬಂದಾಗ ಲಾಂದ್ರ ಕೈಯಲ್ಲೇ ಇತ್ತು. ನಾದಿನಿಯ ಮನೆಯಲ್ಲಿ ಅದನ್ನು ಆರಲು ಬಿಟ್ಟಿರಲಿಲ್ಲ. ಪಾಂಡೆಲಿಸ್ ಇನ್ನೂ ಕುರ್ಚಿಯ ಮೇಲೇ ನಿಂತಿದ್ದ, ತೋಳು ಮೊಣಕೈಯವರೆಗೆ ಬಿಳಿ, ಮೂಗಿನ ಮೇಲೂ ಬಿಳಿ. ಅವನು ಇಳಿದು, ಕುರ್ಚಿಯ ಎರಡೂ ಕಾಲುಗಳನ್ನು ಕೈಯಿಂದ ಬಿಗಿಯಾಗಿ ಹಿಡಿದು, ಮಣ್ಣಿನಲ್ಲಿ ಮೊಣಕಾಲೂರಿದ. ಅಜ್ಜಿ ಹತ್ತಿದಳು. ಆ ಸೊಟ್ಟ ಗೆರೆಯ ಮೇಲೆ ನಿಧಾನವಾಗಿ ಬೆರಳಾಡಿಸಿದಳು.

"ಬಿದ್ದಾಗ ಎಂಥಾ ಬೈಗುಳ ಬೈದ್ರು ಗೊತ್ತಾ," ಎಂದಳು ಕೊನೆಗೆ. ಅವಳ ದನಿ ಒದ್ದೆಯಾಗಿತ್ತು. "ಈಸ್ಟರ್ ದಿನ. ಕೈಲಿ ಜ್ಯೋತಿ ಇಟ್ಕೊಂಡು."

"ನೆನಪಿದೆ ಅತ್ತೆ."

"ನೀನು ಕುರ್ಚಿ ಸರಿಯಾಗಿ ಹಿಡ್ಕೊ ಪಾಂಡೆಲಿ. ಅಲ್ಲಿ ಅವರಿಗೆ ನನ್ನ ಕರೆಸ್ಕೊಳೋ ಅವಸರ ಇದೆ, ನನಗಿಲ್ಲ."

ಅವಳು ಮೇಣದಬತ್ತಿ ಹಚ್ಚಿ, ಬೆಣ್ಣೆ ಬಣ್ಣದ ಗೆರೆಯ ಮೇಲೆ ಹೊಗೆ ಹಿಡಿದಳು. ಮೇಲಿನಿಂದ ಕೆಳಗೆ, ಎಡಕ್ಕೆ, ಬಲಕ್ಕೆ. ಜಾರಿದ ಕಡೆ ಅವಳ ಕೈಯೂ ಜಾರಿತು. ಒರಟು ಬಣ್ಣ ಮಸಿಯನ್ನು ಹೀರಿಕೊಂಡಿತು. ತುಟಿಗೆ ಮುಟ್ಟಿಸಿದ ಬೆರಳನ್ನು ಅದಕ್ಕೆ ತಾಗಿಸಿದಳು. ಬೆರಳು ಸ್ವಲ್ಪ ಕಪ್ಪಾಯಿತು, ಗೆರೆ ಹಾಗೇ ಉಳಿಯಿತು. ಅಂದು ಎವಾಂಥಿಯಾ ಆಫೀಸಿಗೆ ಹೋದಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು.

ಕಾಗದದಲ್ಲಿ ಬರೆದಿದ್ದಂತೆ ಜುಲೈ ಹೊತ್ತಿಗೆ ಆ ಅಂಗೈಯಗಲದ ಸುತ್ತ ಲೇಪ ಸಿಪ್ಪೆ ಏಳತೊಡಗಿತು. ಅಲ್ಲಿ ಧೂಳು ಕೂತಿತು, ಪೈನ್ ಅಂಟು ಕೂತಿತು, ಜೇಡವೊಂದು ಮೂಲೆಯಲ್ಲಿ ಬಲೆ ಹಾಕಿತು. ಮಿಕ್ಕೆಲ್ಲ ಬಿಳುಪು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, "ಅಯ್ಯೋ, ಅಲ್ಲೊಂದು ಕಡೆ ಬಿಟ್ಟುಬಿಟ್ಟಿದ್ದೀರಲ್ಲ," ಎನ್ನುತ್ತಿದ್ದರು. ಹೌದು, ಕೈಗೆ ಎಟುಕಲಿಲ್ಲ ಎನ್ನುತ್ತಿದ್ದ ಪಾಂಡೆಲಿಸ್.

ಆಗಸ್ಟಿನ ಒಂದು ಮಧ್ಯಾಹ್ನ ಅವನು ಎಂದಿನಂತೆ ಪೈಪು ಹಿಡಿದು ಕ್ಯಾರವಾನು ತೊಳೆಯಲು ನಿಂತ. ಛಾವಣಿ ತೊಳೆದ, ಹಿಂಬದಿ ತೊಳೆದ, ಕಿಟಕಿಗಳಿಗೆ ಬಂದ. ಒಳಗೆ ಅಜ್ಜಿಯ ಗೊರಕೆ ಕೇಳಿಸಿತು, ನೀರಿನ ರಭಸ ಕಡಿಮೆ ಮಾಡಿದ. ಬಾಗಿಲ ಹತ್ತಿರ ಬಂದಾಗ ಸುಣ್ಣ ಬಳಿದ ಸಿಲಿಂಡರಿನ ಮೇಲೆ ಹತ್ತಿ ನಿಂತು, ಎಡಗೈಯನ್ನು ಚಾಚಿ, ಅಂಗೈಯನ್ನು ಬಾಗಿಲ ಮೇಲಿನ ಆ ಜಾಗಕ್ಕೆ ಒತ್ತಿಹಿಡಿದ. ನೀರು ಅವನ ಬೆರಳುಗಳ ಮೇಲೆ ಬಿದ್ದು, ಎರಡಾಗಿ ಒಡೆದು, ಆ ಕಡೆ ಈ ಕಡೆ ಹರಿದು ಹೋಯಿತು.